ಬಾಡಿಗೆಯ ಭಾಷೆ: ಸ್ಯಾಸ್ ಕಲಿಕೆಯ ಹಿಂದಿನ ಇತಿಹಾಸ

ಬೆಂಗಳೂರಿನ ಔಷಧ ಸಂಶೋಧನಾ ಕಂಪನಿಗಳಲ್ಲಿ ಕೆಲಸ ಹುಡುಕುವ ಸಂಖ್ಯಾಶಾಸ್ತ್ರದ ಪದವೀಧರರಿಗೆ ಸಂದರ್ಶನದಲ್ಲಿ ಎದುರಾಗುವ ಪ್ರಶ್ನೆಗಳಲ್ಲಿ ಒಂದು, ‘ಸ್ಯಾಸ್ ಬರುತ್ತಾ?’ ಎನ್ನುವುದು. ಸ್ಟ್ಯಾಟಿಸ್ಟಿಕಲ್ ಅನಾಲಿಸಿಸ್ ಸಿಸ್ಟಮ್ ಎಂಬ ಹೆಸರಿನ ಮೊದಲಕ್ಷರಗಳಿಂದ ಹುಟ್ಟಿದ ಸ್ಯಾಸ್, ಅಂಕಿಅಂಶಗಳನ್ನು ವಿಶ್ಲೇಷಿಸುವ ಒಂದು ತಂತ್ರಾಂಶ. ಅದಕ್ಕೆ ತನ್ನದೇ ಆದ ಪ್ರೋಗ್ರಾಮಿಂಗ್ ಭಾಷೆಯೂ ಉಂಟು. ಬ್ಯಾಂಕುಗಳು, ವಿಮಾ ಕಂಪನಿಗಳು, ಸರ್ಕಾರಿ ಇಲಾಖೆಗಳು, ಎಲ್ಲಕ್ಕಿಂತ ಹೆಚ್ಚಾಗಿ ಔಷಧ ಕಂಪನಿಗಳು ದಶಕಗಳಿಂದ ಇದನ್ನು ನೆಚ್ಚಿಕೊಂಡಿವೆ. ಕಲಿಯಲು ಕೂತವರಿಗೆ ಮೊದಮೊದಲು ಇದು ವಿಚಿತ್ರವಾಗಿ ಕಾಣುತ್ತದೆ. ಬೇರೆ ಭಾಷೆಗಳಲ್ಲಿ ಕಲಿತ ಅಭ್ಯಾಸಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಎಷ್ಟೋ ನಿಯಮಗಳಿಗೆ ಕಾರಣ ಕೇಳಿದರೆ, ‘ಅದು ಹಾಗೇ’ ಎಂಬ ಉತ್ತರ ಸಿಗುತ್ತದೆ.

ಆದರೆ ಯಾವುದೂ ಸುಮ್ಮನೆ ಹಾಗೇ ಇರುವುದಿಲ್ಲ. ಸ್ಯಾಸ್‌ನಲ್ಲಿ ಅಂಕಿಅಂಶಗಳನ್ನು ಪ್ರೋಗ್ರಾಮಿನೊಳಗೇ ಬರೆದುಕೊಡಬೇಕಾದಾಗ, ಅವುಗಳಿಗೆ ಮುಂಚೆ ‘ಕಾರ್ಡ್ಸ್’ ಎಂಬ ಪದವನ್ನು ಬರೆಯಬಹುದು. ಈಗ ‘ಡೇಟಾಲೈನ್ಸ್’ ಎಂಬ ಹೊಸ ಪದ ಬಂದಿದ್ದರೂ ಹಳೆಯದು ಇಂದಿಗೂ ಚಲಾವಣೆಯಲ್ಲಿದೆ. ಯಾವ ಕಾರ್ಡು? ಇಪ್ಪತ್ತರ ಹರೆಯದ ವಿದ್ಯಾರ್ಥಿ ಅಂಥ ಕಾರ್ಡನ್ನು ಕಣ್ಣಿನಿಂದ ನೋಡಿರುವುದಿಲ್ಲ. ಆ ಒಂದು ಪದವನ್ನು ಹಿಡಿದು ಹಿಂದಕ್ಕೆ ಹೋದರೆ ಈ ಭಾಷೆಯ ಬಹುತೇಕ ತೊಡಕುಗಳ ಬೇರು ಸಿಗುತ್ತದೆ.

ಅಮೆರಿಕದ ನಾರ್ತ್ ಕೆರೋಲಿನಾ ರಾಜ್ಯದ ರಾಲಿ ನಗರದಲ್ಲಿ ನಾರ್ತ್ ಕೆರೋಲಿನಾ ಸ್ಟೇಟ್ ವಿಶ್ವವಿದ್ಯಾಲಯವಿದೆ. 1941ರಲ್ಲಿ ಗರ್ಟ್ರೂಡ್ ಕಾಕ್ಸ್ ಅಲ್ಲಿ ಪ್ರಾಯೋಗಿಕ ಸಂಖ್ಯಾಶಾಸ್ತ್ರದ ವಿಭಾಗವನ್ನು ಕಟ್ಟಿದರು. ಕೃಷಿ ಪ್ರಯೋಗಗಳ ಫಲಿತಾಂಶಗಳನ್ನು ಲೆಕ್ಕ ಹಾಕುವುದು ಅಲ್ಲಿನವರ ಮುಖ್ಯ ಕೆಲಸಗಳಲ್ಲಿ ಒಂದಾಗಿತ್ತು. ಯಾವ ತಳಿ ಹೆಚ್ಚು ಇಳುವರಿ ಕೊಟ್ಟಿತು, ಯಾವ ಗೊಬ್ಬರದಿಂದ ನಿಜಕ್ಕೂ ವ್ಯತ್ಯಾಸವಾಯಿತು, ಯಾವುದು ಬರೀ ಮಣ್ಣಿನ ಗುಣದ ಆಟ ಎಂದು ಬೇರ್ಪಡಿಸಿ ಹೇಳುವ ವಿಧಾನವನ್ನು ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ರೊನಾಲ್ಡ್ ಫಿಷರ್ ರೂಪಿಸಿದ್ದರು. ಕೈಯಲ್ಲಿ ಮಾಡಿದರೆ ದಿನಗಟ್ಟಲೆ ಹಿಡಿಯುವ ಈ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸುವ ಆಸೆಯಿಂದ 1966ರಲ್ಲಿ ಆಂಥನಿ ಬಾರ್ ಎಂಬ ಯುವಕ ಸ್ಯಾಸ್‌ನ ವಿನ್ಯಾಸ ಆರಂಭಿಸಿದರು. ಮುಂದೆ ಜೇಮ್ಸ್ ಗುಡ್‌ನೈಟ್, ಜಾನ್ ಸಾಲ್, ಜೇನ್ ಹೆಲ್ವಿಗ್ ಮೊದಲಾದವರು ಸೇರಿಕೊಂಡರು.

ಆಗಿನ ಐಬಿಎಂ ಸಿಸ್ಟಮ್ 360 ಕಂಪ್ಯೂಟರಿಗೆ ಮಾತು ತಲುಪುತ್ತಿದ್ದದ್ದು ರಟ್ಟಿನ ಪಂಚ್ ಕಾರ್ಡುಗಳ ಮೂಲಕ. ಒಂದು ಕಾರ್ಡಿನಲ್ಲಿ 80 ಕಾಲಮ್. ಒಂದು ಕಾಲಮ್ಮಿಗೆ ಒಂದು ಅಕ್ಷರ. ಒಂದು ಹೊಲದ ಒಂದು ಮಡಿಯ ವಿವರ ಒಂದು ಕಾರ್ಡಿಗೆ. ಯಂತ್ರ ಒಂದು ಕಾರ್ಡನ್ನು ಓದಿ, ಹೇಳಿದ ಕೆಲಸ ಮಾಡಿ, ಅದನ್ನು ಪಕ್ಕಕ್ಕೆ ಹಾಕಿ, ಮುಂದಿನ ಕಾರ್ಡಿಗೆ ಹೋಗಬೇಕು. ಸ್ಯಾಸ್‌ನ ಹೃದಯವೆನ್ನಬಹುದಾದ ‘ಡೇಟಾ ಸ್ಟೆಪ್’ ಮಾಡುವುದು ಇದನ್ನೇ. ಅಲ್ಲಿ ನೀವು ಬರೆದ ನಾಲ್ಕು ಸಾಲುಗಳು ತಾವಾಗಿಯೇ ಪ್ರತಿ ದಾಖಲೆಗೂ ಒಮ್ಮೊಮ್ಮೆ ಜರುಗುತ್ತವೆ. ‘ಮತ್ತೆ ಮಾಡು’ ಎಂದು ಹೇಳಬೇಕಾಗಿಲ್ಲ. ಬೇರೆ ಭಾಷೆ ಕಲಿತು ಬಂದ ವಿದ್ಯಾರ್ಥಿ ‘ಇಲ್ಲಿ ಲೂಪ್ ಎಲ್ಲಿದೆ?’ ಎಂದು ಹುಡುಕುತ್ತಾನೆ. ಲೂಪ್ ಕಣ್ಣಿಗೆ ಬೀಳುವುದಿಲ್ಲ. ಕಾರ್ಡು ಓದುವ ಯಂತ್ರದ ಚಲನೆಯೇ ಭಾಷೆಯೊಳಗೆ ಸೇರಿಹೋಗಿದೆ.

ಇದರಿಂದ ಆದ ಲಾಭವನ್ನೂ ಹೇಳಬೇಕು. ಒಂದು ಹೊತ್ತಿಗೆ ಒಂದೇ ದಾಖಲೆಯನ್ನು ಕೈಗೆತ್ತಿಕೊಳ್ಳುವುದರಿಂದ, ಯಂತ್ರದ ನೆನಪಿನಲ್ಲಿ ಹಿಡಿಸದಷ್ಟು ದೊಡ್ಡ ದತ್ತಾಂಶವನ್ನೂ ಸ್ಯಾಸ್ ನಿರಾಯಾಸವಾಗಿ ದಾಟುತ್ತದೆ. ಕೋಟಿಗಟ್ಟಲೆ ಗ್ರಾಹಕರ ದಾಖಲೆಗಳಿರುವ ಬ್ಯಾಂಕುಗಳಿಗೆ ಇದು ದೊಡ್ಡ ಆಕರ್ಷಣೆಯಾಯಿತು. ಜೊತೆಗೆ ‘ಪ್ರಾಕ್’ ಎಂಬ ಸಿದ್ಧ ವಿಧಾನಗಳಿದ್ದವು. ಸರಾಸರಿ ಬೇಕೆ, ಒಂದು ಪ್ರಾಕ್. ವಿಂಗಡಣೆ ಬೇಕೆ, ಇನ್ನೊಂದು. ಕಂಪ್ಯೂಟರಿನ ಒಳಮರ್ಮ ತಿಳಿಯದ ಕೃಷಿ ವಿಜ್ಞಾನಿಯೂ ಎರಡು ಸಾಲು ಬರೆದು ಪುಟಗಟ್ಟಲೆ ಫಲಿತಾಂಶ ಪಡೆಯಬಹುದಾಗಿತ್ತು. ಎಂಬತ್ತರ ದಶಕದಲ್ಲಿ ಬರೆದ ಎಷ್ಟೋ ಪ್ರೋಗ್ರಾಮುಗಳು ಇಂದೂ ಹೆಚ್ಚು ತಿದ್ದುಪಡಿಯಿಲ್ಲದೆ ಓಡುತ್ತವೆ. ಇಷ್ಟು ನಿಷ್ಠೆಯಿಂದ ಹಳೆಯದನ್ನು ಕಾಪಾಡಿಕೊಂಡ ತಂತ್ರಾಂಶಗಳು ವಿರಳ.

ಆದರೆ ಹಳೆಯದನ್ನು ಕಾಪಾಡುವುದೆಂದರೆ ಹಳೆಯ ಗುಂಡಿಗಳನ್ನೂ ಮುಚ್ಚದೆ ಉಳಿಸಿಕೊಳ್ಳುವುದು. ಮೊದಲ ಗುಂಡಿ ಅರ್ಧವಿರಾಮದ್ದು. ಒಂದು ವಾಕ್ಯ ಎಷ್ಟು ಕಾರ್ಡುಗಳಿಗಾದರೂ ಹರಿಯಬಹುದಾಗಿದ್ದರಿಂದ, ಅದು ಎಲ್ಲಿ ಮುಗಿಯಿತೆಂದು ತಿಳಿಸಲು ಅರ್ಧವಿರಾಮ ಹಾಕಬೇಕಾಯಿತು. ನಕ್ಷತ್ರದ ಗುರುತಿನಿಂದ ಶುರುವಾಗುವ ಟಿಪ್ಪಣಿಗೂ ಇದೇ ನಿಯಮ. ಟಿಪ್ಪಣಿಯ ಕೊನೆಯಲ್ಲಿ ಅರ್ಧವಿರಾಮ ಮರೆತರೆ ಮುಂದಿನ ಸಾಲಿನ ಆಜ್ಞೆಯೂ ಟಿಪ್ಪಣಿಯ ಹೊಟ್ಟೆಗೆ ಹೋಗುತ್ತದೆ. ದೋಷದ ಸೂಚನೆ ಬಾರದೆಯೂ ಇರಬಹುದು. ಒಂದು ಕೆಲಸ ಸದ್ದಿಲ್ಲದೆ ಬಿಟ್ಟುಹೋಗಿರುತ್ತದೆ.

ಎರಡನೆಯದು ಇದಕ್ಕಿಂತ ಅಪಾಯಕಾರಿ. ಒಬ್ಬ ರೋಗಿಯ ವಯಸ್ಸು ದಾಖಲಾಗಿಲ್ಲ ಎನ್ನಿ. ಸ್ಯಾಸ್ ಅದನ್ನು ಒಂದು ಚುಕ್ಕೆಯಿಂದ ಗುರುತಿಸುತ್ತದೆ. ಹೋಲಿಸುವಾಗ ಈ ಚುಕ್ಕೆ ಎಲ್ಲ ಸಂಖ್ಯೆಗಳಿಗಿಂತ, ಋಣ ಸಂಖ್ಯೆಗಳಿಗಿಂತಲೂ, ಚಿಕ್ಕದು. ಹಾಗಾಗಿ ‘18ಕ್ಕಿಂತ ಕಡಿಮೆ ವಯಸ್ಸಿನವರನ್ನು ಅಪ್ರಾಪ್ತರೆಂದು ಗುರುತಿಸು’ ಎಂದರೆ, ವಯಸ್ಸೇ ಗೊತ್ತಿಲ್ಲದವರೂ ಅಪ್ರಾಪ್ತರ ಪಟ್ಟಿಗೆ ಸೇರುತ್ತಾರೆ. ಇದಕ್ಕೆ ಇನ್ನೊಂದು ಸಂಗತಿ ಸೇರಿಸಿ ನೋಡಿ. ವಯಸ್ಸಿನ ಅಂಕಣದ ಹೆಸರನ್ನು ಬರೆಯುವಾಗ ಒಂದಕ್ಷರ ತಪ್ಪಿದರೆ, ಡೇಟಾ ಸ್ಟೆಪ್ ನಿಲ್ಲುವುದಿಲ್ಲ. ಆ ತಪ್ಪು ಹೆಸರಿನ ಹೊಸ ಅಂಕಣವೊಂದನ್ನು ಹುಟ್ಟಿಸಿ, ಎಲ್ಲ ಸಾಲುಗಳಲ್ಲೂ ಚುಕ್ಕೆಯಿಟ್ಟು ಮುಂದುವರಿಯುತ್ತದೆ. ಫಲವಾಗಿ ಅಧ್ಯಯನದಲ್ಲಿರುವ ಪ್ರತಿಯೊಬ್ಬರೂ, ಎಂಬತ್ತರ ಅಜ್ಜಿಯೂ, ಅಪ್ರಾಪ್ತರಾಗುತ್ತಾರೆ. ಸ್ಯಾಸ್ ಈ ಬಗ್ಗೆ ‘ಲಾಗ್’ ಎಂಬ ದಿನಚರಿಯಲ್ಲಿ ಒಂದು ಸಾಲು ಬರೆದಿರುತ್ತದೆ. ಅದೂ ದೋಷಗಳಿಗೆ ಮೀಸಲಾದ ಕೆಂಪು ಬಣ್ಣದಲ್ಲಲ್ಲ, ಸಾಮಾನ್ಯ ಸೂಚನೆಗಳ ನೀಲಿಯಲ್ಲಿ. ಅನುಭವಿಗಳು ಹೊಸಬರಿಗೆ ‘ಫಲಿತಾಂಶ ಆಮೇಲೆ, ಮೊದಲು ಲಾಗ್ ಓದು’ ಎಂದು ಹೇಳುವುದು ಇದಕ್ಕೇ.

ಮೂರನೆಯದು ಕನ್ನಡಿಗರಿಗೆ ನೇರವಾಗಿ ತಾಕುವಂಥದ್ದು. ಪಠ್ಯವನ್ನು ಸರಳವಾಗಿ ಓದಿಸುವಾಗ, ಉದ್ದ ಎಷ್ಟೆಂದು ನೀವು ಹೇಳದಿದ್ದರೆ ಸ್ಯಾಸ್ 8 ಬೈಟುಗಳಷ್ಟು ಜಾಗವನ್ನು ಮಾತ್ರ ಕೊಡುತ್ತದೆ. ಇಂಗ್ಲಿಷಿನಲ್ಲಿ ಮೈಸೂರು 6 ಅಕ್ಷರ, ಹಿಡಿಸುತ್ತದೆ. ಬೆಂಗಳೂರು 9 ಅಕ್ಷರ, ಕೊನೆಯದು ಉದುರುತ್ತದೆ. ದಾವಣಗೆರೆ 10, ಎರಡು ಉದುರುತ್ತವೆ. ಕನ್ನಡ ಲಿಪಿಯಲ್ಲಿ ಬರೆದರೆ ಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ವರ್ಣಕ್ಕೂ, ಪ್ರತಿ ಸ್ವರಚಿಹ್ನೆಗೂ 3 ಬೈಟು ಬೇಕು. ‘ಬೆಂಗಳೂರು’ ಎಂಬ ಪದದಲ್ಲಿ ಅಂಥ 8 ಘಟಕಗಳಿವೆ. ಅಂದರೆ 24 ಬೈಟು. ಸಿಕ್ಕ 8 ಬೈಟುಗಳಲ್ಲಿ ಹಿಡಿಸುವುದು ‘ಬೆ’ ಮಾತ್ರ, ಅದರ ಹಿಂದೆ ಮುರಿದ ಒಂದು ಚೂರು. ಬೆಳಗಾವಿಯೂ ‘ಬೆ’, ಬೆಂಗಳೂರೂ ‘ಬೆ’. ಉದ್ದವನ್ನು ಮೊದಲೇ ಘೋಷಿಸಿದರೆ ಈ ತೊಂದರೆ ಇಲ್ಲ, ನಿಜ. ಆದರೆ ಘೋಷಿಸಬೇಕೆಂದು ಮೊದಲೇ ಗೊತ್ತಿರಬೇಕಲ್ಲ!

ಇವೆಲ್ಲ ಕಲಿತು ದಾಟಬಹುದಾದ ತೊಡಕುಗಳು. ಜಾಣತನದಿಂದ ದಾಟಲಾಗದ ತೊಡಕು ಬೇರೆ ಇದೆ. ಅದು ಹಣದ್ದು, ಒಡೆತನದ್ದು.

ಸ್ಯಾಸ್ ಹುಟ್ಟಿದ್ದು ಸಾರ್ವಜನಿಕ ಹಣದಲ್ಲಿ. ಮೊದಲಿಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಅನುದಾನವಿತ್ತು. 1972ರಲ್ಲಿ ಅದು ನಿಂತಾಗ, ದಕ್ಷಿಣ ರಾಜ್ಯಗಳ ಕೃಷಿ ಪ್ರಯೋಗ ಕೇಂದ್ರಗಳ ಸಂಖ್ಯಾಶಾಸ್ತ್ರಜ್ಞರ ಒಕ್ಕೂಟ ವರ್ಷಕ್ಕಿಷ್ಟು ಎಂದು ಚಂದಾ ಹಾಕಿ ಕೆಲಸವನ್ನು ಉಳಿಸಿತು. ಬೇಡಿಕೆ ಬೆಳೆಯಿತು. ಬಾರ್, ಗುಡ್‌ನೈಟ್, ಸಾಲ್ ಮತ್ತು ಹೆಲ್ವಿಗ್ 1976ರಲ್ಲಿ ವಿಶ್ವವಿದ್ಯಾಲಯದಿಂದ ಹೊರಬಂದು ಸ್ಯಾಸ್ ಇನ್‌ಸ್ಟಿಟ್ಯೂಟ್ ಎಂಬ ಖಾಸಗಿ ಕಂಪನಿ ಸ್ಥಾಪಿಸಿದರು. ಭಾಷೆಯ ಮೂಲ ವಿನ್ಯಾಸಕಾರ ಬಾರ್ 1979ರಲ್ಲಿ ಕಂಪನಿ ಬಿಟ್ಟರು. ಗುಡ್‌ನೈಟ್ ಮತ್ತು ಸಾಲ್ ಅದನ್ನು ಜಗತ್ತಿನ ಅತಿದೊಡ್ಡ ಖಾಸಗಿ ತಂತ್ರಾಂಶ ಕಂಪನಿಗಳಲ್ಲಿ ಒಂದಾಗಿ ಬೆಳೆಸಿದರು.

ಮಾರಾಟದ ಕ್ರಮ ಮಾತ್ರ ಮೇನ್‌ಫ್ರೇಮ್ ಕಾಲದ್ದೇ: ತಂತ್ರಾಂಶವನ್ನು ಮಾರುವುದಿಲ್ಲ, ವರ್ಷದ ಬಾಡಿಗೆಗೆ ಕೊಡುತ್ತಾರೆ. ಅವಧಿ ಮುಗಿದು ಲೈಸೆನ್ಸ್ ನವೀಕರಿಸದಿದ್ದರೆ ಪ್ರೋಗ್ರಾಮ್ ಓಡುವುದಿಲ್ಲ. ನೀವು ಬರೆದ ಪ್ರೋಗ್ರಾಮ್ ನಿಮ್ಮದೇ, ಓದಬಹುದು. ಓಡಿಸಲು ಮಾತ್ರ ಆಗದು. ನಿಮ್ಮ ದತ್ತಾಂಶ ಕೂಡ ಸ್ಯಾಸ್‌ನ ಸ್ವಂತ ಕಡತರೂಪದಲ್ಲಿ ಕೂತಿರುತ್ತದೆ. ಆ ರೂಪದ ವಿವರವನ್ನು ಕಂಪನಿ ಪ್ರಕಟಿಸಿರಲಿಲ್ಲ. ಹೊರಗಿನ ಉತ್ಸಾಹಿಗಳು ಬೈಟುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಅದನ್ನು ಓದುವ ಉಪಕರಣಗಳನ್ನು ತಾವೇ ಬರೆಯಬೇಕಾಯಿತು. ವಿದ್ಯಾರ್ಥಿಗೆ ಇದರ ಅರ್ಥ ಸ್ಪಷ್ಟ. ಕಾಲೇಜಿನ ಪ್ರಯೋಗಾಲಯದಲ್ಲಿ ಎರಡು ವರ್ಷ ಕಲಿತದ್ದು, ಪದವಿ ಪತ್ರ ಕೈಗೆ ಬಂದ ದಿನದಿಂದ ಸ್ವಂತ ಕಂಪ್ಯೂಟರಿನಲ್ಲಿ ಉಪಯೋಗಕ್ಕಿಲ್ಲ.

ಕಂಪನಿಗೂ ಇದು ತಿಳಿಯದೆ ಇರಲಿಲ್ಲ. 2014ರಲ್ಲಿ ಕಲಿಯುವವರಿಗೆಂದು ಯೂನಿವರ್ಸಿಟಿ ಎಡಿಷನ್ ಎಂಬ ಉಚಿತ ಆವೃತ್ತಿ ಬಂತು. ಅದನ್ನು ಸ್ವಂತ ಯಂತ್ರಕ್ಕೆ ಇಳಿಸಿಕೊಳ್ಳಬಹುದಾಗಿತ್ತು. 2021ರಲ್ಲಿ ಅದನ್ನು ನಿಲ್ಲಿಸಲಾಯಿತು. ಈಗ ಉಚಿತವಾಗಿ ಸಿಗುವುದು ಕಂಪನಿಯ ಸರ್ವರಿನ ಮೇಲೆಯೇ ಓಡುವ, ವಾಣಿಜ್ಯ ಬಳಕೆಗೆ ಅವಕಾಶವಿಲ್ಲದ ಸೇವೆ. ಕಲಿಕೆಗೆ ಅದು ಸಾಕು. ಆದರೆ ಇಂಟರ್ನೆಟ್ ಸರಿಯಿಲ್ಲದ ಊರಿನ ಹುಡುಗಿಗೂ, ಸಣ್ಣ ಸಂಸ್ಥೆಯೊಂದಕ್ಕೆ ಸಮೀಕ್ಷೆ ಮಾಡಿಕೊಡಬೇಕೆನ್ನುವ ಹುಡುಗನಿಗೂ ಅದು ಸಾಲದು.

ಹಾಗಿದ್ದರೆ ಔಷಧ ಕಂಪನಿಗಳು ಇದನ್ನೇ ಏಕೆ ಹಿಡಿದು ಕೂತಿವೆ? ‘ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಸ್ಯಾಸ್ ಕಡ್ಡಾಯ’ ಎಂಬ ಮಾತು ತರಬೇತಿ ಕೇಂದ್ರಗಳಲ್ಲಿ ಆಗಾಗ ಕೇಳಿಬರುತ್ತದೆ. ಅದು ನಿಜವಲ್ಲ. ಯಾವುದೇ ನಿರ್ದಿಷ್ಟ ತಂತ್ರಾಂಶವನ್ನು ತಾನು ಕಡ್ಡಾಯ ಮಾಡಿಲ್ಲವೆಂದು ಎಫ್‌ಡಿಎ 2015ರಲ್ಲಿ ಲಿಖಿತವಾಗಿಯೇ ಹೇಳಿತು. ಆದರೆ ದತ್ತಾಂಶವನ್ನು ಕಳಿಸಬೇಕಾದ ಕಡತರೂಪದ ಕಥೆ ಬೇರೆ. 1999ರಲ್ಲಿ ಎಫ್‌ಡಿಎ ಒಪ್ಪಿಕೊಂಡದ್ದು ಸ್ಯಾಸ್ ಟ್ರಾನ್ಸ್‌ಪೋರ್ಟ್‌ನ 5ನೇ ಆವೃತ್ತಿಯ ರೂಪವನ್ನು. ಕಂಪನಿ ಇದರ ವಿವರವನ್ನು ಪ್ರಕಟಿಸಿದ್ದರಿಂದ ಬೇರೆ ತಂತ್ರಾಂಶಗಳೂ ಇದನ್ನು ಬರೆಯಬಲ್ಲವು. ಇಲ್ಲಿ ಅಂಕಣದ ಹೆಸರು 8 ಅಕ್ಷರ ಮೀರುವಂತಿಲ್ಲ, ಪಠ್ಯ 200 ಬೈಟು ಮೀರುವಂತಿಲ್ಲ. ಸಂಖ್ಯೆಗಳು ಇಂದಿನ ಲ್ಯಾಪ್‌ಟಾಪಿನ ಪದ್ಧತಿಯಲ್ಲಲ್ಲ, ಐಬಿಎಂ ಮೇನ್‌ಫ್ರೇಮಿನ ಪದ್ಧತಿಯಲ್ಲಿ ಇರಬೇಕು. ಕಡತ ಜೋಡಣೆಯಾಗಿರುವುದು 80 ಬೈಟುಗಳ ತುಂಡುಗಳಲ್ಲಿ.

80! ಪಂಚ್ ಕಾರ್ಡಿನ ಅದೇ 80 ಕಾಲಮ್. ರಟ್ಟಿನ ಕಾರ್ಡು ಹೋಗಿ ದಶಕಗಳಾದರೂ ಅದರ ಅಳತೆ ಉಳಿಯಿತು. ಈ ಶತಮಾನದ ಹೊಸ ಔಷಧಗಳ ಪರೀಕ್ಷೆಯ ದತ್ತಾಂಶವೂ ಆ ಅಳತೆಯ ಪೆಟ್ಟಿಗೆಯಲ್ಲೇ ಪಯಣಿಸಿದೆ. ವೈದ್ಯರ ಟಿಪ್ಪಣಿ 200 ಬೈಟು ದಾಟಿದರೆ ಅದನ್ನು ತುಂಡು ಮಾಡಿ ಬೇರೆ ಬೇರೆ ಕಡೆ ಇಡುವ ಕೆಲಸ ಬೆಂಗಳೂರಿನಲ್ಲಿ ಕೂತ ಪ್ರೋಗ್ರಾಮರಿನದ್ದು. ಆಕೆ ಬರೆಯುವ ಸಾಲುಗಳಲ್ಲಿ ಒಂದಷ್ಟು ಸಂಖ್ಯಾಶಾಸ್ತ್ರಕ್ಕೆ ಸಂಬಂಧಿಸಿದ್ದೇ ಅಲ್ಲ. ಅವು ಹಳೆಯ ಅಳತೆಯೊಂದಕ್ಕೆ ಹೊಸ ಮಾಹಿತಿಯನ್ನು ಕತ್ತರಿಸಿ ಕೂರಿಸುವ ಸಾಲುಗಳು. ಇನ್ನು ಕಂಪನಿಗಳಲ್ಲಿ ಪರಿಶೀಲಿಸಿ ಒಪ್ಪಿಟ್ಟ ಹಳೆಯ ಪ್ರೋಗ್ರಾಮುಗಳ ರಾಶಿ, ಅವುಗಳ ಸುತ್ತ ಬೆಳೆದ ಕಾರ್ಯವಿಧಾನ, ತರಬೇತಾದ ಜನ, ಇವೆಲ್ಲ ಇವೆ. ಕಾನೂನು ಕಡ್ಡಾಯ ಮಾಡದ್ದನ್ನು ರೂಢಿ ಕಡ್ಡಾಯ ಮಾಡಿದೆ.

ಭಾಷೆಯೊಂದನ್ನು ಯಾರಾದರೂ ಸ್ವತ್ತಾಗಿ ಇಟ್ಟುಕೊಳ್ಳಬಹುದೇ? ಸಾಹಿತ್ಯದ ಓದುಗರಿಗೆ ಈ ಪ್ರಶ್ನೆ ವಿಚಿತ್ರವೆನಿಸಬಹುದು, ಆದರೆ ಸ್ಯಾಸ್ ವಿಚಾರದಲ್ಲಿ ಇದು ನ್ಯಾಯಾಲಯದ ಮೆಟ್ಟಿಲೇರಿತು. ಇಂಗ್ಲೆಂಡಿನ ವರ್ಲ್ಡ್ ಪ್ರೋಗ್ರಾಮಿಂಗ್ ಎಂಬ ಕಂಪನಿ, ಸ್ಯಾಸ್ ಭಾಷೆಯಲ್ಲಿ ಬರೆದ ಪ್ರೋಗ್ರಾಮುಗಳನ್ನು ಓಡಿಸಬಲ್ಲ ತನ್ನದೇ ತಂತ್ರಾಂಶ ತಯಾರಿಸಿತು. ಸ್ಯಾಸ್‌ನ ಮೂಲಸಂಕೇತ ಅವರ ಕೈಗೆ ಸಿಕ್ಕಿರಲಿಲ್ಲ. ಕೈಪಿಡಿಗಳನ್ನು ಓದಿ, ಕಲಿಯುವವರಿಗೆಂದು ಮಾರುತ್ತಿದ್ದ ಲರ್ನಿಂಗ್ ಎಡಿಷನ್ ಕೊಂಡು, ಅದು ಹೇಗೆ ವರ್ತಿಸುತ್ತದೆಂದು ಗಮನಿಸಿ ಅವರು ಹಾಗೆ ಮಾಡಿದ್ದರು. ಸ್ಯಾಸ್ ಇನ್‌ಸ್ಟಿಟ್ಯೂಟ್ ದಾವೆ ಹೂಡಿತು. ಕಲಿಯಲೆಂದು ಕೊಟ್ಟ ಆವೃತ್ತಿಯಿಂದ ಎಷ್ಟು ಕಲಿಯಬಹುದು ಎಂಬುದೇ ವಿವಾದದ ತಿರುಳುಗಳಲ್ಲಿ ಒಂದಾಯಿತು.

ಯುರೋಪಿನ ನ್ಯಾಯಾಲಯ 2012ರ ಮೇ 2ರಂದು ತೀರ್ಪು ಕೊಟ್ಟಿತು. ತಂತ್ರಾಂಶವೊಂದು ಮಾಡುವ ಕೆಲಸಕ್ಕಾಗಲಿ, ಅದರ ಪ್ರೋಗ್ರಾಮಿಂಗ್ ಭಾಷೆಗಾಗಲಿ, ಕಡತದ ರೂಪಕ್ಕಾಗಲಿ ಪ್ರೋಗ್ರಾಮಿನ ಕೃತಿಸ್ವಾಮ್ಯದ ರಕ್ಷಣೆ ಸಿಗದು. ಹಾಗೆ ಕೊಟ್ಟರೆ ವಿಚಾರಗಳನ್ನೇ ಏಕಸ್ವಾಮ್ಯಕ್ಕೆ ಒಪ್ಪಿಸಿದಂತಾಗುತ್ತದೆ ಎಂಬುದು ಅದರ ಸಾರ. ಲೈಸೆನ್ಸ್ ಪಡೆದವರು ತಂತ್ರಾಂಶದ ವರ್ತನೆಯನ್ನು ಗಮನಿಸಿ ಅದರ ಹಿಂದಿನ ತತ್ವಗಳನ್ನು ಅರಿಯಬಹುದು ಎಂದೂ ಅದು ಹೇಳಿತು. ಆದರೆ ಅಟ್ಲಾಂಟಿಕ್‌ನ ಆಚೆ ಕಥೆ ಬೇರೆಯಾಯಿತು. ಲೈಸೆನ್ಸಿನ ಕರಾರು ಮುರಿದರು, ವಂಚನೆಯಿಂದ ಪಡೆದರು ಎಂಬ ಕಾರಣಕ್ಕೆ ನಾರ್ತ್ ಕೆರೋಲಿನಾದ ನ್ಯಾಯಾಲಯ 2015ರಲ್ಲಿ ಇಂಗ್ಲೆಂಡಿನ ಕಂಪನಿಯ ವಿರುದ್ಧ ಸುಮಾರು 7.9 ಕೋಟಿ ಡಾಲರಿನ ತೀರ್ಪು ನೀಡಿತು. ಅಮೆರಿಕದಲ್ಲೇ ಕೃತಿಸ್ವಾಮ್ಯದ ಮೇಲೆ ಹೂಡಿದ ಇನ್ನೊಂದು ದಾವೆಯಲ್ಲಿ ಮಾತ್ರ ಸ್ಯಾಸ್ ಸೋತಿತು. 2023ರಲ್ಲಿ ಮೇಲ್ಮನವಿಯೂ ಕೈಹಿಡಿಯಲಿಲ್ಲ. ಒಟ್ಟಾರೆ ಅರ್ಥವೇನು? ಭಾಷೆಯನ್ನು ಒಬ್ಬರು ಆಳಲಾಗದು. ಆದರೆ ಆ ಭಾಷೆಯನ್ನು ಕಲಿಯುವ ಮನೆಯ ಬಾಗಿಲಿಗೆ ಕರಾರು ಅಂಟಿಸಬಹುದು.

ಅತ್ತ ಈ ಕರಾರುಗಳಿಲ್ಲದ ಇನ್ನೊಂದು ಹೊಳೆ ಹರಿಯುತ್ತಿತ್ತು. ಸ್ಯಾಸ್ ಕಂಪನಿಯಾದ 1976ರಲ್ಲೇ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಚೇಂಬರ್ಸ್ ಮತ್ತು ಸಂಗಡಿಗರು ‘ಎಸ್’ ಎಂಬ ಸಂಖ್ಯಾಶಾಸ್ತ್ರೀಯ ಭಾಷೆಯ ಕೆಲಸ ಆರಂಭಿಸಿದ್ದರು. ಅದರ ಹಾದಿಯಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್‌ಮನ್ ವಿದ್ಯಾರ್ಥಿಗಳಿಗೆ ಕಲಿಸಲು ‘ಆರ್’ ಭಾಷೆಯನ್ನು ಕಟ್ಟಿದರು. 1995ರಲ್ಲಿ ಅದನ್ನು ಮುಕ್ತ ಪರವಾನಗಿಯಡಿ ಜಗತ್ತಿಗೆ ಬಿಟ್ಟರು. 2000ದ ಫೆಬ್ರವರಿ 29ರಂದು ಅದರ 1.0.0 ಆವೃತ್ತಿ ಬಂತು. ಆರ್‌ಗೂ ತನ್ನವೇ ಕುಂದುಗಳಿವೆ. ಸಾಮಾನ್ಯವಾಗಿ ಅದು ದತ್ತಾಂಶವನ್ನೆಲ್ಲ ಯಂತ್ರದ ನೆನಪಿಗೆ ಎಳೆದುಕೊಳ್ಳುತ್ತದೆ. ಸಾವಿರಾರು ಜನ ಬರೆದ ಪೂರಕ ಪ್ಯಾಕೇಜುಗಳ ಗುಣಮಟ್ಟ ಒಂದೇ ಸಮನಾಗಿಲ್ಲ. ಇಂದು ಓಡಿದ್ದು ಐದು ವರ್ಷದ ಬಳಿಕ ಹಾಗೇ ಓಡುತ್ತದೆಂಬ ಖಾತ್ರಿಯಿಲ್ಲ. ಆದರೆ ವಯಸ್ಸು ಗೊತ್ತಿಲ್ಲದವರು ಅಪ್ರಾಪ್ತರೇ ಎಂದು ಕೇಳಿದರೆ, ಅದು ‘ಗೊತ್ತಿಲ್ಲ’ ಎಂದೇ ಉತ್ತರಿಸುತ್ತದೆ. ಮತ್ತು ಅದನ್ನು ಕಲಿತವರಿಂದ ಯಾರೂ ಅದನ್ನು ಕಿತ್ತುಕೊಳ್ಳಲಾರರು. 2021ರಲ್ಲಿ ಆರ್ ಕನ್ಸೋರ್ಟಿಯಂ, ಆರ್‌ನಲ್ಲಿ ಮಾಡಿದ ವಿಶ್ಲೇಷಣೆಯ ಪ್ರಾಯೋಗಿಕ ಕಡತವೊಂದನ್ನು ಎಫ್‌ಡಿಎಗೆ ಸಲ್ಲಿಸಿತು. ಸ್ಯಾಸ್ ಇಲ್ಲದೆಯೂ ಆ ಬಾಗಿಲು ತಟ್ಟಬಹುದೆಂದು ತೋರಿಸುವುದು ಅದರ ಉದ್ದೇಶವಾಗಿತ್ತು.

ಇಷ್ಟಾದರೂ ಸ್ಯಾಸ್ ಕಲಿಯಬೇಡಿ ಎಂದು ಹೇಳುವುದು ಬೇಜವಾಬ್ದಾರಿ. ಕೆಲಸ ಹುಡುಕುವವರಿಗೆ ರೂಢಿ ಬದಲಾಗುವವರೆಗೆ ಕಾಯುವ ಸೌಕರ್ಯವಿಲ್ಲ. ಮನೆಯ ಬಾಡಿಗೆ, ಶಿಕ್ಷಣ ಸಾಲದ ಕಂತು ಯಾವುದೂ ನಿಲ್ಲುವುದಿಲ್ಲ. ಕಲಿಯುವಾಗ ಮೂರು ವಿಷಯ ನೆನಪಿದ್ದರೆ ಸಾಕು. ವಿಧಾನ ಬೇರೆ, ಉಪಕರಣ ಬೇರೆ. ಫಿಷರ್ ಕೊಟ್ಟ ತರ್ಕವನ್ನು ಕಾಗದದ ಮೇಲೆ ಮಾಡಬಲ್ಲವರು ಯಾವ ತಂತ್ರಾಂಶದಲ್ಲೂ ಬದುಕುತ್ತಾರೆ. ದತ್ತಾಂಶದ ಒಂದು ಪ್ರತಿಯನ್ನು ಯಾರು ಬೇಕಾದರೂ ತೆರೆಯಬಹುದಾದ ಸರಳ ಪಠ್ಯರೂಪದಲ್ಲಿ ಇಟ್ಟುಕೊಳ್ಳಬೇಕು. ಮತ್ತು ಬಾಡಿಗೆಯ ಭಾಷೆಯ ಜೊತೆಗೆ ಒಂದು ಸ್ವಂತದ ಭಾಷೆಯನ್ನೂ ಕಲಿಯಬೇಕು.

ಕಲಿಸುವವರ ಹೊಣೆ ಇನ್ನೂ ದೊಡ್ಡದು. ವಿಶ್ವವಿದ್ಯಾಲಯವೊಂದು ಪಠ್ಯಕ್ರಮವನ್ನು ಒಂದೇ ಕಂಪನಿಯ ತಂತ್ರಾಂಶಕ್ಕೆ ಕಟ್ಟಿಹಾಕಿದಾಗ, ಅದು ವರ್ಷವರ್ಷವೂ ತೆರುವ ಬಾಡಿಗೆಯಷ್ಟೇ ಲೆಕ್ಕಕ್ಕೆ ಸಿಗುತ್ತದೆ. ಅಲ್ಲಿಂದ ಹೊರಬಂದ ವಿದ್ಯಾರ್ಥಿ, ತಾನು ಕಲಿತದ್ದನ್ನು ಕೈಯಾರೆ ಮಾಡಿನೋಡಲು ಯಾರದೋ ಅನುಮತಿಗೆ ಕಾಯುವ ಸ್ಥಿತಿ ಯಾವ ಲೆಕ್ಕಪತ್ರದಲ್ಲೂ ಬರುವುದಿಲ್ಲ. ರೈತರ ಹೊಲದ ಲೆಕ್ಕಕ್ಕಾಗಿ, ಸಾರ್ವಜನಿಕ ಹಣದಲ್ಲಿ, ಹಲವು ವಿಶ್ವವಿದ್ಯಾಲಯಗಳ ಚಂದಾದಿಂದ ಬೆಳೆದ ಭಾಷೆಯೇ ಹೀಗಾಯಿತು ಎಂಬುದನ್ನು ‘ಕಾರ್ಡ್ಸ್’ ಎಂಬ ಆ ಪದ ಕಲಿಸುವ ತರಗತಿಯಲ್ಲೇ ಹೇಳಿಕೊಡುವುದು ಒಳ್ಳೆಯದು.